ಅವಘಡ ಎಂದು ಬರೆದದ್ದು

ಸಿರುಗುಪ್ಪ
೧೧ ಮಾರ್ಚ್ ೨೦೨೪

ಹೊನ್ನೂರಸ್ವಾಮಿ ಸರ್ ಅವರಿಗೆ,

ನಾನು ನಿಶಾತ್, ಅಶ್ಫಾಕನ ಅಕ್ಕ. ಫೋನು ಮಾಡುವುದು ಬಿಟ್ಟು ಪತ್ರ ಯಾಕೆ ಎಂದು ನಿಮಗೆ ಅನಿಸಬಹುದು. ತಮ್ಮನ ಆ ಫೋಟೊ ಬಂದದ್ದು ನನ್ನ ಫೋನಿಗೆ. ಆ ಫೋನನ್ನೇ ಆಫ್ ಮಾಡಿ, ಬೀರುವಿನೊಳಗೆ ಬಟ್ಟೆಗಳ ಕೆಳಗಿಟ್ಟು ಬೀಗ ಹಾಕಿದ್ದೇನೆ. ಅಬ್ಬಾನ ಬಟನ್ ಫೋನು ಒಂದಿದೆ. ಆದರೆ ನಮ್ಮದು ಎರಡು ಕೋಣೆಯ ಮನೆ, ಇಲ್ಲಿ ಆಡಿದ ಮಾತು ಅಲ್ಲಿ ಕೇಳಿಸುತ್ತದೆ. ನೀವೂ ಬರೆಯುವುದಾದರೆ ನನ್ನ ಶಾಲೆಯ ವಿಳಾಸಕ್ಕೆ ಬರೆಯಿರಿ, ಕವರಿನ ಹಿಂದೆ ಹಾಕಿದ್ದೇನೆ.

ನಿಮಗೆ ಧನ್ಯವಾದ ಹೇಳಬೇಕಿತ್ತು. ಫೆಬ್ರವರಿಯಲ್ಲಿ ವರದಿಗೆಂದು ನೀವು ಬಂದಾಗ, ತಮ್ಮ ಸತ್ತಿದ್ದಕ್ಕೆ ಏನಾದರೂ ಪುರಾವೆ ಇದೆಯೇ ಎಂದು ಕೇಳಿದಿರಿ. ನಾನು ಹಿಂದೆ ಮುಂದೆ ನೋಡದೆ ಆ ಫೋಟೊ ನಿಮಗೆ ಕಳಿಸಿಬಿಟ್ಟೆ. ಅವನ ಜೊತೆ ರಷ್ಯಾದಲ್ಲಿ ಕೆಲಸಕ್ಕಿದ್ದ ಹುಡುಗ ನನಗೆ ಕಳಿಸಿದ್ದು ಅದು. ನೀವು ಹೊರಟ ಮೇಲೆ ಬುದ್ಧಿ ಬಂತು. ಬಸ್ ಸ್ಟ್ಯಾಂಡಿನ ತನಕ ಓಡಿ ಬಂದು ನಿಮ್ಮ ಕಾಲು ಹಿಡಿಯುವುದೊಂದು ಬಾಕಿ. "ಹಾಕಬ್ಯಾಡ್ರಿ ಸರ್, ನಮ್ಮ ಅಮ್ಮಿ ಉಳಿಯಂಗಿಲ್ಲ" ಎಂದೆ. ನೀವು ಹಾಕಲಿಲ್ಲ. ವರದಿಯನ್ನು ನಾನು ಓದಿಲ್ಲ, ಓದಲು ಧೈರ್ಯ ಬರಲಿಲ್ಲ. ಚಿತ್ರ ಬಂದಿಲ್ಲ, ಪಾಸ್‌ಪೋರ್ಟಿನ ಫೋಟೊ ಅಷ್ಟೇ ಇದೆ ಎಂದು ಪಕ್ಕದ ಮನೆಯವರಿಂದ ಕೇಳಿ ತಿಳಿದುಕೊಂಡೆ.

ಮೊನ್ನೆ ಏಳನೇ ತಾರೀಕು ಅವನನ್ನು ಮಣ್ಣು ಮಾಡಿದೆವು. ಪೆಟ್ಟಿಗೆಗೆ ಮೊಹರು ಹಾಕಿ, ತೆರೆಯಬಾರದು ಎಂದು ಮೂರು ಭಾಷೆಯಲ್ಲಿ ಬರೆದ ಚೀಟಿ ಅಂಟಿಸಿ ಕಳಿಸಿದ್ದರು. ಅಮ್ಮಿ ಮುಖ ಒಂದನ್ನು ತೋರಿಸಿ ಎಂದಳು. ಗಂಡಸರೆಲ್ಲ ಬೇಡ ಎಂದರು. ಅಬ್ಬಾನೂ ಬೇಡ ಎಂದ. ಅಮ್ಮಿ ನನ್ನ ಕಡೆ ತಿರುಗಿದಳು. ಆ ಫೋಟೊ ನೋಡಿದವಳು ಮನೆಯಲ್ಲಿ ನಾನೊಬ್ಬಳೇ. ಅದು ಯಾರಿಗೂ ಗೊತ್ತಿಲ್ಲ. ನಾನೂ ಬೇಡ ಎಂದೆ. ಚಳಿಗೆ ನಿದ್ದೆಯಲ್ಲೇ ಎದೆ ನಿಂತಿತಂತೆ, ಒಂದು ಗಾಯವೂ ಇಲ್ಲವಂತೆ, ಅವನ ಜೊತೆಗಾರ ಹೇಳಿದ ಎಂದು ಅವಳಿಗೆ ಹೇಳಿದ್ದೇನೆ. ಗಾಯವಿಲ್ಲದಿದ್ದರೆ ಪೆಟ್ಟಿಗೆ ಯಾಕೆ ತೆರೆಯಬಾರದು ಎಂದು ಅವಳು ಕೇಳಲಿಲ್ಲ. ಕೇಳಲಾರದ್ದನ್ನು ಕಣ್ಣಲ್ಲೇ ಇಟ್ಟುಕೊಂಡಿದ್ದಾಳೆ.

ನಾಳೆಯಿಂದ ರಂಜಾನಿನ ರೋಜಾ ಶುರುವಾಗಬಹುದು. ಅದಕ್ಕೂ ಮೊದಲು ಒಂದು ಮಾತು ಕೇಳಿ ಮನಸ್ಸು ಹಗುರ ಮಾಡಿಕೊಳ್ಳೋಣ ಎಂದು ಬರೆಯುತ್ತಿದ್ದೇನೆ. ನಿಮ್ಮ ಹತ್ತಿರ ಇರುವ ಆ ಫೋಟೊ ಅಳಿಸಿದಿರೋ ಇಲ್ಲವೋ, ತಿಳಿಸಿ.

ನಿಮ್ಮ ಉಪಕಾರ ಮರೆಯದ,
ನಿಶಾತ್

*

ಪಾರ್ವತಿನಗರ, ಬಳ್ಳಾರಿ
೨೨ ಮಾರ್ಚ್ ೨೦೨೪

ನಿಶಾತ್ ಟೀಚರ್ ಅವರಿಗೆ,

ಪತ್ರ ತಲುಪಿತು. ಅಳಿಸಿದ್ದೇನೆ. ನನ್ನ ಫೋನಿನಲ್ಲೂ ಇಲ್ಲ, ಕಚೇರಿಯ ಕಂಪ್ಯೂಟರಿನಲ್ಲೂ ಇಲ್ಲ. ಈ ವಿಷಯದಲ್ಲಿ ನೆಮ್ಮದಿಯಿಂದ ಇರಿ.

ನಮ್ಮದು ಸಣ್ಣ ಪತ್ರಿಕೆ. ಬೆಳಿಗ್ಗೆ ಚಹಾದ ಜೊತೆ ಮನೆಯೊಳಗೆ ಹೋಗುತ್ತದೆ, ಮಕ್ಕಳ ಕೈಗೂ ಸಿಗುತ್ತದೆ. ಸುದ್ದಿ ಸಂಪಾದಕನಾಗಿ ಈ ಹದಿನೆಂಟು ವರ್ಷದಲ್ಲಿ ರಕ್ತ ಕಾಣುವ ಚಿತ್ರವನ್ನು ನಾನು ಪುಟಕ್ಕೆ ಬಿಟ್ಟವನಲ್ಲ. ಸತ್ತವರಿಗೂ ಒಂದು ಮರ್ಯಾದೆ ಇದೆ ಎಂದು ನಂಬಿದವನು. ಹಾಗಾಗಿ ನೀವು ನನಗೆ ಧನ್ಯವಾದ ಹೇಳುವ ಅಗತ್ಯವಿಲ್ಲ. ಅದನ್ನು ಓದಿ ನನಗೆ ಮುಜುಗರವೇ ಆಯಿತು.

ವರದಿಯನ್ನು ನೀವು ಓದದೆ ಇದ್ದದ್ದೇ ಒಳ್ಳೆಯದು. ಅದರಲ್ಲಿ ಓದುವಂಥದ್ದು ಏನಿಲ್ಲ.

ತಾಯಿಯವರನ್ನು ಚೆನ್ನಾಗಿ ನೋಡಿಕೊಳ್ಳಿ.

ನಿಮ್ಮ ಹಿತೈಷಿ,
ಹೊನ್ನೂರಸ್ವಾಮಿ

*

ಸಿರುಗುಪ್ಪ
೯ ಜೂನ್ ೨೦೨೪

ಸರ್,

ನೀವು ಓದಬೇಡಿ ಎಂದದ್ದನ್ನು ಗುರುವಾರ ಓದಿದೆ. ಓದಿಸಿದವಳು ಕುರುಗೋಡಿನ ಹುಲುಗಮ್ಮ ಎಂಬ ಹೆಂಗಸು.

ಮಕ್ಕಳು ಊಟಕ್ಕೆ ತಟ್ಟೆ ಹಿಡಿದು ಸಾಲಾಗಿ ನಿಂತಿದ್ದ ಹೊತ್ತು. ಅವಳು ಎರಡು ಬಸ್ಸು ಬದಲಿಸಿ, ದಾರಿ ಉದ್ದಕ್ಕೂ ಕೇಳಿಕೊಂಡು ನನ್ನ ಶಾಲೆಗೆ ಬಂದಿದ್ದಳು. ಮೆಣಸಿನಕಾಯಿ ಹೊಲದಲ್ಲಿ ಕೂಲಿ ಮಾಡುವವಳು, ಕೈಯೆಲ್ಲ ಒಡೆದಿದ್ದವು. ಎಲೆಅಡಿಕೆ ಸಂಚಿಯಿಂದ ನಾಲ್ಕು ಮಡಿಕೆ ಮಾಡಿದ ನಿಮ್ಮ ಪತ್ರಿಕೆಯ ತುಂಡು ತೆಗೆದಳು. ಅದರಲ್ಲಿ ನಮ್ಮ ಅಶ್ಫಾಕನ ಮುಖ.

ಅವಳ ಮಗ ದುರ್ಗೇಶ್ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಯುನಿಟ್ಟಿನಲ್ಲಿ ಕೆಲಸಕ್ಕಿದ್ದನಂತೆ. ಅಶ್ಫಾಕನನ್ನು ಕಳಿಸಿದ ಅದೇ ಏಜೆಂಟು ಅವನನ್ನೂ ರಷ್ಯಾಕ್ಕೆ ಕಳಿಸಿದ್ದಾನೆ. ಹೋದದ್ದು ಮಾರ್ಚ್ ಕೊನೆಗೆ, ನಾವು ತಮ್ಮನನ್ನು ಮಣ್ಣು ಮಾಡಿ ಮೂರು ವಾರಕ್ಕೆ. ಹೋಗುವ ಮೊದಲು ತಾಯಿ ಅಡ್ಡ ನಿಂತಿದ್ದಾಳೆ, ಸಿರುಗುಪ್ಪದ ಹುಡುಗ ಒಬ್ಬ ಸತ್ತನಂತಲ್ಲ ಎಂದು. ಅವನು ಈ ತುಂಡನ್ನು ತಂದು ಓದಿ ತೋರಿಸಿದ್ದಾನೆ. ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ಯವ್ವಾ, ನೋಡಿಲ್ಲಿ, ಅವಘಡ ಅಂತ ಬರದಾರ. ಲಡಾಯಾಗ ಸತ್ತಾನಂತ ಬರದಿಲ್ಲ. ಅವಘಡ ಇಲ್ಲಿ ಫ್ಯಾಕ್ಟರ್ಯಾಗೂ ಆಕ್ಕಾವು ಅಂದ. ಪೇಪರಿನೋರು ಸುಳ್ಳು ಬರೀತಾರೇನವ್ವ ಅಂತ ನಾ ಸುಮ್ಕಾದೆ."

ಹದಿನೆಂಟು ದಿನದಿಂದ ಅವನ ಫೋನು ಹತ್ತುತ್ತಿಲ್ಲ. ಅದಕ್ಕೆ ಬಂದಿದ್ದಳು. ನನ್ನ ಕೈ ಹಿಡಿದು, "ನಿನ್ನ ತಮ್ಮಗ ಏನಾಗಿತ್ತು? ಖರೇ ಹೇಳವ್ವ" ಎಂದಳು.

ನಾನು ಏನು ಹೇಳಿದೆ ಗೊತ್ತೇ ಸರ್? "ಅದರಾಗ ಬರದಂಗಾ ಆತ್ರಿ" ಎಂದೆ.

ಮಕ್ಕಳಿದ್ದರು. ಅಡುಗೆಯವರಿದ್ದರು. ಸತ್ಯ ಹೇಳಿದರೆ ಅದು ಸಂಜೆಯೊಳಗೆ ನಮ್ಮ ಓಣಿಗೆ, ಅಮ್ಮಿಯ ಕಿವಿಗೆ ಬರುತ್ತದೆ ಎಂಬ ಭಯ. ಇವೆಲ್ಲ ನೆಪ. ನನ್ನ ಮಾತು ಕೇಳಿ ಹುಲುಗಮ್ಮನ ಮುಖ ಸಡಿಲವಾಯಿತು. ಹಂಗಾದರೆ ಚಾರ್ಜರು ಕೆಟ್ಟಿರಬೇಕು, ಅಲ್ಲಿ ಅಂಗಡಿ ದೂರ ಇರಬೇಕು ಎಂದು ತಾನೇ ಸಮಾಧಾನ ಹೇಳಿಕೊಂಡಳು. ಮಕ್ಕಳ ಜೊತೆ ಕೂತು ಅನ್ನ ಸಾರು ಉಂಡು ಹೋದಳು. ಅವಳು ಅತ್ತಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಈಗ ನಿಮ್ಮನ್ನು ಕೇಳಬೇಕು. ಚಿತ್ರ ಹಾಕಬೇಡಿ ಎಂದು ಬೇಡಿಕೊಂಡವಳು ನಾನು. ನಿಜ. ಆದರೆ ಯುದ್ಧ ಎಂದು ಬರೆಯಬೇಡಿ ಎಂದು ನಾನು ಹೇಳಿದ್ದೆನೇ? ಆ ಪದವನ್ನು ಎಲ್ಲಿಂದ ತಂದಿರಿ?

ನಿಶಾತ್

*

ಬಳ್ಳಾರಿ
೧೭ ಜೂನ್ ೨೦೨೪

ನಿಶಾತ್ ಅವರಿಗೆ,

ಇವತ್ತು ಬಕ್ರೀದ್. ಹಬ್ಬದ ದಿನ ಇಂಥ ಪತ್ರ ಬರೆಯಬಾರದು. ಇನ್ನೂ ತಡ ಮಾಡಿದರೆ ಬರೆಯಲಾರೆ.

ಆ ಪದ ನನ್ನದೇ. ನಾನು ಮೊದಲು ಕೊಟ್ಟ ತಲೆಬರಹ ಬೇರೆ ಇತ್ತು: 'ಯುದ್ಧಭೂಮಿಯಲ್ಲಿ ಡ್ರೋನ್ ದಾಳಿ, ಸಿರುಗುಪ್ಪ ಯುವಕ ಬಲಿ'. ಸಂಜೆ ಪುಟ ಕಟ್ಟುವಾಗ ಪಕ್ಕದ ಪುಟದ ಜಾಹೀರಾತು ಕಣ್ಣಿಗೆ ಬಿತ್ತು. ಆ ಏಜೆಂಟನದೇ. 'ವಿದೇಶದಲ್ಲಿ ಸಹಾಯಕ ಹುದ್ದೆ, ಊಟ ವಸತಿ ಉಚಿತ' ಎಂದು ವಾರಕ್ಕೆ ಎರಡು ಸಲ ನಮ್ಮಲ್ಲಿ ಬರುತ್ತಿತ್ತು. ಎರಡನ್ನೂ ಒಂದೇ ದಿನ ಹೇಗೆ ಹಾಕುವುದು?

ಮಾಲೀಕರು ಬದಲಿಸು ಎಂದು ಹೇಳಿದ್ದರೆ ನಾನು ಜಗಳವಾಡುತ್ತಿದ್ದೆನೇನೋ. ಅವರು ಹೇಳಲಿಲ್ಲ. ಯಾರೂ ಹೇಳಲಿಲ್ಲ. ಹೇಳುವ ಮೊದಲೇ ನಾನೇ ಕೂತು 'ವಿದೇಶದಲ್ಲಿ ಅವಘಡ' ಎಂದು ತಿದ್ದಿದೆ. ಒಳಗೆಲ್ಲ 'ಕೆಲಸದ ಸ್ಥಳ' ಎಂದು ಮಾಡಿದೆ. ಹಾಗೆ ತಿದ್ದುವಾಗ ನಿಮ್ಮ ಅಳು ನನಗೆ ಅನುಕೂಲವಾಯಿತು. ಆ ಹುಡುಗಿ ಬೇಡಿಕೊಂಡಳು, ತಾಯಿಯ ಜೀವದ ಪ್ರಶ್ನೆ ಎಂದು ನನಗೆ ನಾನೇ ಹೇಳಿಕೊಂಡೆ. ನೀವು ಬಸ್ ಸ್ಟ್ಯಾಂಡಿಗೆ ಓಡಿ ಬರದಿದ್ದರೂ ನಾನು ಆ ಚಿತ್ರ ಹಾಕುತ್ತಿರಲಿಲ್ಲ. ನೀವು ಬಂದದ್ದರಿಂದ ನನ್ನ ಹೇಡಿತನಕ್ಕೆ ಒಂದು ಒಳ್ಳೆಯ ಹೆಸರು ಸಿಕ್ಕಿತು. ನಿಮ್ಮ ಧನ್ಯವಾದದ ಪತ್ರವನ್ನು ನಾನು ಎರಡನೇ ಸಲ ಓದಲಿಲ್ಲ.

ನಿಮ್ಮ ಪತ್ರ ಬಂದ ಮೇಲೆ ಆ ಏಜೆಂಟನ ಕಚೇರಿಗೆ ಹೋಗಿದ್ದೆ. ಹಳೆ ಬಸ್ ನಿಲ್ದಾಣದ ಹತ್ತಿರ, ಅಂಗಡಿ ಸಾಲಿನ ಮೇಲೆ. ಐದು ಹುಡುಗರು ಫೈಲು ಹಿಡಿದು ಬೆಂಚಿನ ಮೇಲೆ ಕೂತಿದ್ದರು. ಜುಲೈ ಹನ್ನೆರಡಕ್ಕೆ ಅವರ ಪ್ರಯಾಣವಂತೆ. ಅವರಲ್ಲಿ ಸಂಗನಕಲ್ಲಿನ ವಾಲ್ಮೀಕಿ ಎಂಬುವನು, ಕಲ್ಲು ಕ್ವಾರಿಯಲ್ಲಿ ಕೆಲಸ ಮಾಡಿದವನು, ನನ್ನನ್ನು ಕಂಡು ಎದ್ದು ನಿಂತು ಜಾಗ ಕೊಟ್ಟ. ಅವನ ಪಕ್ಕ ಕೂತು ಮಾತನಾಡಿದೆ. ಅಡುಗೆಮನೆಯ ಕೆಲಸ, ಮೂಟೆ ಹೊರುವ ಕೆಲಸ ಎಂದು ಹೇಳಿದ್ದಾರಂತೆ.

ಫೋಟೊ ಅಳಿಸಿದ್ದೇನೆ ಎಂದು ಬರೆದಿದ್ದೆ. ಅದಂತೂ ನಿಜ. ಈಗ ಅದು ನಿಮ್ಮ ಬಳಿ ಮಾತ್ರ ಇದೆ. ಕೇಳಲು ನನಗೆ ಯಾವ ಯೋಗ್ಯತೆಯೂ ಇಲ್ಲ. ಆದರೂ ಆ ಐವರಿಗಾಗಿ ಕೇಳುತ್ತಿದ್ದೇನೆ.

ಹೊನ್ನೂರಸ್ವಾಮಿ

*

ಸಿರುಗುಪ್ಪ
೨೦ ಜೂನ್ ೨೦೨೪

ಸರ್,

ಕೊಡುವುದಿಲ್ಲ.

ನೀವು ಮಾತಿನಲ್ಲಿ ಸುಳ್ಳು ಹೇಳಿದಿರಿ, ಮಾತಿನಲ್ಲೇ ಸರಿಪಡಿಸಿ. ಡ್ರೋನ್ ಎಂದು ಬರೆಯಿರಿ, ಯುದ್ಧ ಎಂದು ಬರೆಯಿರಿ, ಏಜೆಂಟನ ಹೆಸರು ಬರೆಯಿರಿ, ನನ್ನ ಹೆಸರು ಬೇಕಾದರೂ ಹಾಕಿ. ಅಷ್ಟು ಮಾಡದೆ ನನ್ನ ತಮ್ಮನ ಮೈಯನ್ನು ಯಾಕೆ ಕೇಳುತ್ತೀರಿ? ಅವನು ಮನೆಯಲ್ಲಿ ಬಚ್ಚಲಿಂದ ಅಂಗಿ ಹಾಕಿಕೊಂಡೇ ಹೊರಗೆ ಬರುತ್ತಿದ್ದವನು.

ನಿಶಾತ್

*

ಬಳ್ಳಾರಿ
೩೦ ಜೂನ್ ೨೦೨೪

ನಿಶಾತ್ ಅವರಿಗೆ,

ನೀವು ಹೇಳಿದ್ದು ಸರಿ. ಬರೆದೆ. ಇಪ್ಪತ್ತಾರನೇ ತಾರೀಕು ಮೊದಲ ಪುಟದಲ್ಲಿ ಬಂದಿದೆ, ಪ್ರತಿ ಇದರ ಜೊತೆ ಇಟ್ಟಿದ್ದೇನೆ. ಅಶ್ಫಾಕ್ ಸತ್ತದ್ದು ಕಂದಕದಲ್ಲಿ, ಡ್ರೋನ್ ದಾಳಿಯಲ್ಲಿ, ಫೆಬ್ರವರಿಯಲ್ಲಿ ನಾವು ಅವಘಡ ಎಂದು ಬರೆದದ್ದು ತಪ್ಪು ಎಂದು ನನ್ನ ಹೆಸರಿನಲ್ಲೇ ಬರೆದಿದ್ದೇನೆ. ಏಜೆಂಟನ ಜಾಹೀರಾತು ನಿಂತಿದೆ. ಮಾಲೀಕರು ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಅದಿರಲಿ.

ಆದದ್ದು ಇಷ್ಟು. ಏಜೆಂಟು ಮರುದಿನವೇ ಬೇರೆ ಪತ್ರಿಕೆಯಲ್ಲಿ ಸ್ಪಷ್ಟನೆ ಕೊಟ್ಟ, ಇದೆಲ್ಲ ಕಟ್ಟುಕಥೆ ಎಂದು. ನಾನು ಪತ್ರಿಕೆ ಹಿಡಿದು ಸಂಗನಕಲ್ಲಿಗೆ ಹೋದೆ. ವಾಲ್ಮೀಕಿ ಚಹಾದಂಗಡಿಯ ಮುಂದೆ ಸಿಕ್ಕ. ಆಗಲೇ ಓದಿದ್ದ. ಮರ್ಯಾದೆಯಿಂದಲೇ ಮಾತನಾಡಿದ: "ಆವಾಗ ಅವಘಡ ಅಂದ್ರಿ, ಈಗ ಲಡಾಯಿ ಅಂತೀರಿ. ಯಾವ್ದು ನಂಬೋದ್ರಿ? ಫೋಟೊ ಇದ್ರ ತೋರಸ್ರಿ. ಇಲ್ಲಂದ್ರ ಬಿಡ್ರಿ."

ಮೂವತ್ತು ವರ್ಷ ಅಕ್ಷರದಲ್ಲೇ ಬದುಕಿದವನು ನಾನು. ಒಂದು ಸಲ ಅದನ್ನು ಸುಳ್ಳಿಗೆ ಬಳಸಿದೆ. ಈಗ ಅದು ನನ್ನ ಮಾತು ಕೇಳುತ್ತಿಲ್ಲ.

ಮತ್ತೆ ಕೇಳುವುದಿಲ್ಲ. ಹುಲುಗಮ್ಮನ ಮಗನ ಸುದ್ದಿಗಾಗಿ ರಾಯಭಾರ ಕಚೇರಿಗೆ ಮೂರು ಪತ್ರ ಹಾಕಿದ್ದೇನೆ.

ಹೊನ್ನೂರಸ್ವಾಮಿ

*

ಸಿರುಗುಪ್ಪ
೫ ಜುಲೈ ೨೦೨೪

ಸರ್,

ಈ ಕವರಿನಲ್ಲಿ ಒಂದು ಮೆಮೊರಿ ಕಾರ್ಡ್ ಇದೆ. ಕಳಿಸಬೇಕೆಂದು ಹೇಳಿದವಳು ಅಮ್ಮಿ. ಅದು ಹೇಗಾಯಿತೆಂದು ನಿಮಗೆ ಗೊತ್ತಿರಬೇಕು.

ಇಪ್ಪತ್ತಾರರ ಪತ್ರಿಕೆ ನಮ್ಮ ಓಣಿಗೂ ಬಂದಿತ್ತು, ಆದರೆ ಅಮ್ಮಿಯ ಮುಂದೆ ಯಾರೂ ಬಾಯಿ ಬಿಟ್ಟಿರಲಿಲ್ಲ. ನಿಮ್ಮ ಪತ್ರ ಬಂದ ಮೇಲೆ ಎರಡು ದಿನ ತಡೆದುಕೊಂಡೆ. ನಿನ್ನೆ ಸಂಜೆ ಅಬ್ಬಾ ರೈಸ್ ಮಿಲ್ಲಿನಿಂದ ಬಂದಿರಲಿಲ್ಲ. ಮಿಲ್ಲಿನ ಮಷೀನು ರಿಪೇರಿ ಅವನ ಕೆಲಸ. ಈಗೀಗ ಬೇಕೆಂದೇ ತಡ ಮಾಡಿ ಬರುತ್ತಾನೆ. ಅಮ್ಮಿ ಒಲೆಯ ಮುಂದೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದೆ. ನಿದ್ದೆಯಲ್ಲಿ ಹೋಗಲಿಲ್ಲ, ನಾನು ಸುಳ್ಳು ಹೇಳಿದೆ ಎಂದೆ. ಕುರುಗೋಡಿನ ಹೆಂಗಸು ಬಂದದ್ದನ್ನು ಹೇಳಿದೆ. ಐದು ಹುಡುಗರನ್ನು ಹೇಳಿದೆ. ಚಿತ್ರ ಇದೆ, ಪತ್ರಿಕೆಯವರು ಕೇಳುತ್ತಿದ್ದಾರೆ ಎಂದೂ ಹೇಳಿದೆ. ಅವಳ ಕೈ ಬೆಳ್ಳುಳ್ಳಿಯ ಮೇಲೆಯೇ ಇತ್ತು. ಸುಲಿದದ್ದನ್ನು ಬಟ್ಟಲಿಗೆ ಹಾಕಿ ಅಂದಳು, "ಊರು ನೋಡೂಕಿಂತ ಮೊದ್ಲು ಹೆತ್ತಾಕಿ ನೋಡಬೇಕಲ್ಲ."

ಎದ್ದು ಹೋಗಿ, ನಮಾಜಿಗೆ ಮಾಡುವ ಹಾಗೆ ಕೈಕಾಲು ಮುಖ ತೊಳೆದು ವಜೂ ಮಾಡಿಕೊಂಡು ಬಂದಳು. ತಲೆ ಮೇಲೆ ಸೆರಗು ಎಳೆದುಕೊಂಡು, ಎರಡೂ ಕೈಯಲ್ಲಿ ಫೋನು ಹಿಡಿದಳು. ಅಷ್ಟು ತಿಂಗಳು ಬೀಗದೊಳಗಿದ್ದ ಫೋನು ಚಾರ್ಜ್ ಆಗಿ ಬೆಳಕು ಬರಲು ತಡವಾಯಿತು. ಅಲ್ಲಿಯ ತನಕ ಅವಳು ಹಾಗೇ ಹಿಡಿದು ಕೂತಿದ್ದಳು.

ನೀವು ನೋಡಿದ್ದೀರಿ. ಸೊಂಟದ ಕೆಳಗೆ ಏನೂ ಉಳಿದಿಲ್ಲ. ಮುಖಕ್ಕೆ ಏನೂ ಆಗಿಲ್ಲ. ಕಣ್ಣು ತೆರೆದೇ ಇವೆ. ಅವಳು ಕೂಗಿಕೊಳ್ಳುತ್ತಾಳೆ, ಬಿದ್ದುಬಿಡುತ್ತಾಳೆ ಎಂದು ನಾನು ಹಿಡಿಯಲು ತಯಾರಾಗಿದ್ದೆ. ಅವಳು ಚಿತ್ರವನ್ನು ದೊಡ್ಡದು ಮಾಡಿಸಿ ಮುಖವನ್ನಷ್ಟೇ ನೋಡಿದಳು. "ಕಣ್ಣು ಮುಚ್ಚಾಕ ಯಾರೂ ಇದ್ದಿಲ್ಲೇನು" ಎಂದಳು. ಹೆಬ್ಬೆರಳನ್ನು ಅವನ ಕಣ್ಣಿನ ಮೇಲಿಟ್ಟು ಮೆಲ್ಲಗೆ ಕೆಳಗೆ ಎಳೆದಳು, ನಾವು ಸತ್ತವರ ರೆಪ್ಪೆ ಮುಚ್ಚುತ್ತೇವಲ್ಲ, ಹಾಗೆ. ಬೆರಳ ಜೊತೆ ಚಿತ್ರವೇ ಸರಿಯಿತು. ಅವನ ಮುಖ ಕೆಳಗೆ ಹೋಗಿ, ಮೇಲಿನ ಅಂಚಿನಲ್ಲಿ ಇನ್ನೊಬ್ಬ ಕಂಡ.

ಸರ್, ಈ ಚಿತ್ರವನ್ನು ನಾನು ನೂರು ಸಲ ಕಣ್ಣೊಳಗೆ ನೋಡಿದ್ದೇನೆ. ಅಲ್ಲಿ ಇನ್ನೊಬ್ಬ ಇದ್ದಾನೆಂದು ನನಗೆ ಗೊತ್ತೇ ಇರಲಿಲ್ಲ. ಹಿಮ ಕಲೆತ ಕೆಸರಿನಲ್ಲಿ ಅಡ್ಡ ಬಿದ್ದಿದ್ದಾನೆ. ಯಾವ ಕಡೆಯವನೋ, ಯಾವ ದೇಶದವನೋ. ಅವನ ಒಂದು ಕೈ ನಮ್ಮ ಅಶ್ಫಾಕನ ಹೆಗಲ ತನಕ ಬಂದಿದೆ.

"ಇಂವ ಯಾರು?" ಎಂದಳು ಅಮ್ಮಿ. ಗೊತ್ತಿಲ್ಲ ಎಂದೆ.

"ಇವನ ಅವ್ವನ್ನ ಕೇಳೀರೇನು?"

ಅವಳೇ ಮುಂದುವರಿದು, "ನನ್ನ ಮಗನ್ನ ತೋರಸ್ರಿ. ಆ ಐದು ಮಂದಿ ನೋಡ್ಲಿ. ಮುಖ ಮುಚ್ಚಬ್ಯಾಡ್ರಿ, ಅಂವ ತಪ್ಪು ಮಾಡಿದಾವಲ್ಲ. ಕಂಡೋರ ಮಗನ್ನ ತೋರಿಸಾಕ ಮಾತ್ರ ನಾ ಯಾರು" ಎಂದಳು.

ಫೋನು ನನ್ನ ಕೈಗೆ ಕೊಟ್ಟ ಮೇಲೆ ನನ್ನನ್ನು ನೋಡಿದಳು. "ಐದು ತಿಂಗಳಾತು, ಇದನ್ನ ಕಣ್ಣಾಗ ಇಟ್ಕೊಂಡು ನನ್ನ ಮುಂದ ಕುಂತು ಉಂಡಿ." ಅದು ಬೈಗುಳವೋ ಮರುಕವೋ ನನಗೆ ಇನ್ನೂ ತಿಳಿದಿಲ್ಲ. ಪೆಟ್ಟಿಗೆ ತೆರೆಯಬೇಡ ಎಂದ ನನ್ನ ಮಾತನ್ನು ಅವಳು ಎತ್ತಲಿಲ್ಲ.

ಆ ಇನ್ನೊಬ್ಬನನ್ನು ಚಿತ್ರದಿಂದ ತೆಗೆದ ಮೇಲೆ ಪುಟಕ್ಕೆ ಹಾಕಿ. ಅಬ್ಬಾಗೆ ನಾವು ಇನ್ನೂ ಹೇಳಿಲ್ಲ.

ನಿಶಾತ್

*

ಬಳ್ಳಾರಿ
೧೬ ಜುಲೈ ೨೦೨೪

ನಿಶಾತ್ ಅವರಿಗೆ,

ಒಂಬತ್ತನೇ ತಾರೀಕು ಹಾಕಿದೆವು. ಮೊದಲ ಪುಟದಲ್ಲಿ ಅಲ್ಲ, ಮೂರನೆಯದರಲ್ಲಿ. ಒಳಗೆ ಹೀಗೊಂದು ಚಿತ್ರವಿದೆ, ಮಕ್ಕಳ ಕೈಗೆ ಕೊಡಬೇಡಿ, ದೊಡ್ಡವರು ನೋಡಿ ಎಂದು ಮೊದಲ ಪುಟದಲ್ಲಿ ಬರೆದೆ. ಮುಖ ಮುಚ್ಚಲಿಲ್ಲ. ಆ ಇನ್ನೊಬ್ಬನನ್ನು ಕತ್ತರಿಸಿದೆ. ಆದರೆ ಅವನ ಕೈಯನ್ನು ತೆಗೆಯಬೇಕಾದರೆ ಅಶ್ಫಾಕನ ಹೆಗಲನ್ನೂ ತೆಗೆಯಬೇಕಿತ್ತು. ಅರ್ಧ ಗಂಟೆ ಪ್ರಯತ್ನಪಟ್ಟೆ. ಬೆರಳುಗಳು ಉಳಿದವು. ನಿಮ್ಮ ತಾಯಿಗೆ ಇದನ್ನು ತಿಳಿಸಿ. ಅವರ ಮಾತನ್ನು ಪೂರ್ತಿ ನಡೆಸಲು ನನ್ನಿಂದ ಆಗಲಿಲ್ಲ.

ಅವತ್ತು ಬೆಳಗಿನಿಂದ ಕಚೇರಿಯ ಫೋನು ನಿಲ್ಲಲಿಲ್ಲ. ಒಬ್ಬರು ನಿವೃತ್ತ ಮೇಷ್ಟ್ರು, ತಿಂಡಿಗೆ ವಗ್ಗಾಣಿ ಮಿರ್ಚಿ ಮುಂದಿಟ್ಟುಕೊಂಡು ಪೇಪರ್ ಬಿಡಿಸಿದೆ, ನಿಮಗೆ ಹೆಂಡತಿ ಮಕ್ಕಳಿಲ್ಲವೇ ಎಂದರು. ಒಬ್ಬ ತಾಯಿ, ನನ್ನ ಮಗಳು ನೋಡಿ ಶಾಲೆಗೆ ಹೋಗಲಿಲ್ಲ ಎಂದು ಅತ್ತರು. ಮನೆಯಲ್ಲಿ ನನ್ನ ಹೆಂಡತಿ ವಿಜಯಲಕ್ಷ್ಮಿ ಆ ಪುಟವನ್ನು ನೋಡಿ, ಪತ್ರಿಕೆ ಮಡಚಿ ದೇವರ ಗೂಡಿನ ಪಕ್ಕ ಇಟ್ಟಳು. ರದ್ದಿಗೆ ಹಾಕಲು ಅವಳಿಗೆ ಮನಸ್ಸು ಬರಲಿಲ್ಲವಂತೆ.

ಸಂಜೆಯ ಹೊತ್ತಿಗೆ ಯಾರೋ ಪುಟದ ಫೋಟೊ ತೆಗೆದು, ಹಿಂದೆ ಹಾಡು ಸೇರಿಸಿ ಫೋನಿಂದ ಫೋನಿಗೆ ಹರಿಬಿಟ್ಟಿದ್ದರು. ನಾನು ಬರೆದ ಒಂದಕ್ಷರವೂ ಅದರಲ್ಲಿ ಇರಲಿಲ್ಲ. ಇದನ್ನು ನಾನು ಮೊದಲೇ ಊಹಿಸಬೇಕಿತ್ತು.

ಐವರಲ್ಲಿ ಮೂವರು ನಿಂತರು. ಇಬ್ಬರು ಹೋದರು, ಹೈದರಾಬಾದಿನ ಮೇಲೆ. ಏಜೆಂಟನ ಕಚೇರಿಗೆ ಬೀಗ ಬಿದ್ದಿದೆ, ಪೊಲೀಸರು ಅವನನ್ನು ಹುಡುಕುತ್ತಿದ್ದಾರೆ.

ನಿಂತವರಲ್ಲಿ ವಾಲ್ಮೀಕಿ ಒಬ್ಬ. ಹತ್ತನೇ ತಾರೀಕು ಕಚೇರಿಗೆ ಬಂದ. ಧನ್ಯವಾದ ಹೇಳಲು ಬಂದಿರಬೇಕು ಎಂದುಕೊಂಡು ನಾನು ಕುರ್ಚಿ ಎಳೆದೆ, ಅಷ್ಟು ದಡ್ಡ ನಾನು. ಅವನು ಕೂರಲಿಲ್ಲ. "ಇದು ಫೆಬ್ರವರ್ಯಾಗ ನಿಮ್ಮ ಕಡಿ ಇತ್ತೇನ್ರಿ?" ಎಂದು ಕೇಳಿದ. ಇತ್ತು ಎಂದೆ. ಅವನು ಮೆಟ್ಟಿಲಿಳಿದು ಹೋದ.

ಇನ್ನೊಂದು ವಿಷಯ. ಅವತ್ತು ಸಿರುಗುಪ್ಪದ ನಮ್ಮ ವಿತರಕ ಫೋನು ಮಾಡಿ, ಬಸ್ ಸ್ಟ್ಯಾಂಡಿಗೆ ಬಂದ ಪ್ರತಿಗಳೆಲ್ಲ ಆರೂವರೆಗೇ ಖಾಲಿ, ಇನ್ನಷ್ಟು ಕಳಿಸಿ ಎಂದು ಖುಷಿಯಿಂದ ಹೇಳಿದ. ಯಾರು ಕೊಂಡರು ಎಂದೆ. ಮಿಲ್ಲಿನ ಎಣ್ಣೆ ಮೆತ್ತಿದ ಬಟ್ಟೆಯ ಒಬ್ಬ ಹಿರಿಯರು ಇಡೀ ಕಟ್ಟನ್ನೇ ಎತ್ತಿಕೊಂಡು ಹೋದರಂತೆ. ನಾನು ಮತ್ತೆ ಕಳಿಸಲಿಲ್ಲ.

ಹೊನ್ನೂರಸ್ವಾಮಿ

*

ಸಿರುಗುಪ್ಪ
೨ ಡಿಸೆಂಬರ್ ೨೦೨೪

ಸರ್,

ನಿಮ್ಮ ಕಾರ್ಡುಗಳಿಗೆ ಉತ್ತರಿಸಲಿಲ್ಲ. ಏನು ಬರೆಯಬೇಕೋ ತಿಳಿಯಲಿಲ್ಲ. ಹೌದು, ಅದು ಅಬ್ಬಾನೇ. ಅವತ್ತು ಬೆಳಿಗ್ಗೆ ಅವನಿಗೆ ಹೇಗೆ ಗೊತ್ತಾಯಿತೋ, ಯಾರು ಹೇಳಿದರೋ, ನಾವು ಕೇಳಲಿಲ್ಲ. ಅವನೂ ನಮ್ಮನ್ನು ಏನೂ ಕೇಳಲಿಲ್ಲ. ಆ ಕಟ್ಟು ಅವನ ಮಂಚದ ಕೆಳಗಿದೆ. ಬಿಚ್ಚಿಲ್ಲ. ಅಮ್ಮಿ ಅದರ ಸುತ್ತಲೇ ಕಸ ಗುಡಿಸುತ್ತಾಳೆ.

ದುರ್ಗೇಶ್ ವಾಪಸು ಬಂದಿದ್ದಾನೆಂದು ನೀವು ತಿಳಿಸಿದಿರಿ. ಅವನ ಸುದ್ದಿಗಾಗಿ ನೀವು ಎಷ್ಟು ಪತ್ರ ಬರೆದಿರಿ, ಎಷ್ಟು ಬಾಗಿಲು ತಟ್ಟಿದಿರಿ ಎಂದು ಅವನೇ ಹೇಳಿದ. ನಿನ್ನೆ ಭಾನುವಾರ ಕುರುಗೋಡಿಗೆ ಹೋಗಿದ್ದೆ, ಒಬ್ಬಳೇ.

ಬೆಟ್ಟದ ಬುಡದಲ್ಲಿ ಅವರ ಮನೆ. ಅವನು ಹೊರಗೆ ಬಿಸಿಲಿಗೆ ಮಂಚ ಹಾಕಿಕೊಂಡು ಕೂತಿದ್ದ. ಎಡಗಾಲು ಮೊಣಕಾಲಿನ ಕೆಳಗೆ ಇಲ್ಲ. ಹುಲುಗಮ್ಮ ನನ್ನನ್ನು ಗುರುತು ಹಿಡಿದಳು. ಚಾಪೆ ಹಾಸಿದಳು, ತಂಬಿಗೆಯಲ್ಲಿ ನೀರು ತಂದಿಟ್ಟಳು. ನಾನು ಚಾಪೆಯ ಮೇಲೆ ಕೂರಲಿಲ್ಲ. ನಿಂತೇ ಹೇಳಿದೆ. ನೀವು ಶಾಲೆಗೆ ಬಂದು ಕೇಳಿದ ದಿನ ನನಗೆ ಎಲ್ಲಾ ಗೊತ್ತಿತ್ತು, ಆ ಫೋಟೊ ಫೆಬ್ರವರಿಯಿಂದ ನನ್ನ ಹತ್ತಿರ ಇತ್ತು, ನಿಮ್ಮ ಮಗ ಹೋಗುವ ಮೊದಲಿನಿಂದ ಇತ್ತು, ಅದನ್ನು ಹಾಕಬೇಡಿ ಎಂದು ಬೇಡಿಕೊಂಡವಳು ನಾನೇ ಎಂದೆ. ಬಸ್ಸಿನಲ್ಲಿ ಎಷ್ಟೋ ಸಲ ಹೇಳಿಕೊಂಡು ಬಂದ ಮಾತು, ಬಾಯಿಂದ ಬರುವಾಗ ನಾಲ್ಕೇ ವಾಕ್ಯವಾಯಿತು.

ಹುಲುಗಮ್ಮ ನನ್ನ ಮುಖ ನೋಡಿದಳು, ಮಗನ ಕಾಲು ನೋಡಿದಳು, ಒಳಗೆ ಹೋದಳು.

ದುರ್ಗೇಶನೇ ಮಾತು ತೆಗೆದ. ಪೇಪರಿನಲ್ಲಿ ಬಂದಿತ್ತಂತಲ್ಲ, ತೋರಿಸಕ್ಕ ಎಂದ. ನನ್ನ ಚೀಲದಲ್ಲಿತ್ತು. ಕೊಟ್ಟೆ. ಅವನು ಅದನ್ನು ತೊಡೆಯ ಮೇಲೆ ಬಿಡಿಸಿ, ನಮ್ಮ ಹಾಗೆ ಥಟ್ಟನೆ ಕಣ್ಣು ತಿರುಗಿಸದೆ, ಪರಿಚಯದ ಜಾಗ ನೋಡುವವನ ಹಾಗೆ ನಿಧಾನವಾಗಿ ನೋಡಿದ. ಮಣ್ಣಿನ ಗೋಡೆಗೆ ಒರಗಿಸಿದ ಹಲಗೆಗಳನ್ನು ಬೆರಳಿಂದ ತೋರಿಸಿ, ಇವನ್ನು ನಾವೇ ಹೊರುತ್ತಿದ್ದೆವು ಎಂದ. ಹೆಗಲ ಮೇಲಿನ ಆ ಕೈಬೆರಳುಗಳನ್ನೂ ನೋಡಿದ.

ನಾನು ಕೇಳಬಾರದ್ದನ್ನು ಕೇಳಿದೆ. ಇದನ್ನು ಆಗಲೇ ನೋಡಿದ್ದರೆ ಹೋಗುತ್ತಿದ್ದೆಯೇನಪ್ಪಾ ಎಂದೆ. ಆರು ತಿಂಗಳಿಂದ ಹೊಟ್ಟೆಯಲ್ಲಿದ್ದ ಪ್ರಶ್ನೆ ಅದು. ಹೋಗುತ್ತಿದ್ದೆ ಅಂದರೆ ನನ್ನ ಪಾಪ ಸ್ವಲ್ಪವಾದರೂ ಕಡಿಮೆಯಾದೀತು ಎಂಬ ಆಸೆ, ಅದನ್ನು ನಿಮ್ಮ ಹತ್ತಿರ ಯಾಕೆ ಮುಚ್ಚಿಡಲಿ.

ಅವನು ಪತ್ರಿಕೆಯನ್ನು ಮೊದಲಿದ್ದ ಮಡಿಕೆಯಲ್ಲೇ ಮಡಚಿದ. "ಗೊತ್ತಿಲ್ಲಕ್ಕ" ಎಂದ. "ಆವಾಗಿನ ಹುರುಪಿನ್ಯಾಗ ಹೋಗ್ತಿದ್ನೇನೋ. ಆದ್ರ ಗೊತ್ತಾಗಿ ಹೋಗ್ತಿದ್ದೆ."

ನಾನು ತಲೆ ತಗ್ಗಿಸಿದೆ. ಹೊರಡಬೇಕೆಂದು ಚೀಲ ಎತ್ತಿಕೊಂಡೆ. ಆಗ ಒಳಗಿನಿಂದ ಹುಲುಗಮ್ಮನ ದನಿ ಬಂತು. ಕಿರುಚಲಿಲ್ಲ, ಅಳಲೂ ಇಲ್ಲ. ಬಾಗಿಲಿಗೂ ಬರಲಿಲ್ಲ.

"ನಾ ಕಳಸ್ತಿದ್ದಿಲ್ಲ" ಎಂದಳು.

ಅಷ್ಟೇ. ತಂಬಿಗೆಯ ನೀರು ಕುಡಿದು, ದುರ್ಗೇಶನಿಗೆ ಬರುತ್ತೇನೆಂದು ಹೇಳಿ, ಬಸ್ಸು ಹತ್ತಿದೆ.

ಇದನ್ನು ನಿಮಗೆ ಬರೆಯದೆ ಇದ್ದುಬಿಡೋಣ ಎಂದುಕೊಂಡಿದ್ದೆ. ನಿಮ್ಮ ವಯಸ್ಸು ನೋಡಿ, ಆಮೇಲೆ ನೀವು ಪಟ್ಟ ಕಷ್ಟ ನೋಡಿ. ರಾತ್ರಿಯೆಲ್ಲ ಯೋಚಿಸಿದೆ. ಆ ಮಾತನ್ನು ನಾನೊಬ್ಬಳೇ ಇಟ್ಟುಕೊಳ್ಳಲಾರೆ. ಅದರಲ್ಲಿ ಅರ್ಧ ನಿಮಗೂ ಸೇರಿದ್ದು.

ನಿಶಾತ್